ಕೈ ಮಾತ್ರ ಹಿಂದೆ

ಜನವರಿ 6, ಮಂಗಳವಾರ. ಬೆಳಿಗ್ಗೆ 8.40

ಇವತ್ತಿನ ಮೊದಲ ಡ್ರೈವಿಂಗ್ ಕ್ಲಾಸ್ ಮುಗಿಯಿತು. ನಿವೃತ್ತ ಹೆಡ್‌ಕ್ಲರ್ಕ್ ಇವತ್ತೂ ಫಸ್ಟ್ ಗೇರ್ ಎಂದು ರಿವರ್ಸ್ ಹಾಕಿದರು. ನನ್ನ ಕಾಲಡಿ ಇನ್ನೊಂದು ಬ್ರೇಕ್ ಇಲ್ಲದಿದ್ದರೆ ಹಿಂದಿನ ಅಂಗಡಿಯ ಶಟರ್ ಹೋಗುತ್ತಿತ್ತು. "ಕನ್ನಡಿ ನೋಡಿ ಸಾರ್, ಕನ್ನಡಿ!" ಇಪ್ಪತ್ತೆರಡು ವರ್ಷದಿಂದ ಇದೇ ಕೂಗು. ಗಂಟಲು ಇನ್ನೂ ಉಳಿದಿರುವುದೇ ದೊಡ್ಡದು.

ಅಷ್ಟರಲ್ಲಿ ಫೋನ್. ಕ್ಯಾಪ್ಟನ್! ಹೈಸ್ಕೂಲ್ ರಿಲೇ ತಂಡದ ನಾಯಕಿ. ಈಗ ಹೆಡ್ ನರ್ಸ್. ದನಿ ಮಾತ್ರ ಅದೇ, ಪೀಪಿ.

"ಸ್ಕೂಲಿಗೆ ಐವತ್ತು ವರ್ಷ ಆಯ್ತಂತೆ ಕಣೇ! ಹಳೇ ವಿದ್ಯಾರ್ಥಿನಿಯರ ರಿಲೇ ಇಟ್ಟಿದಾರೆ, ಇಪ್ಪತ್ತೈದಕ್ಕೆ. ನಮ್ಮ ನಾಲ್ಕೂ ಜನದ ಹೆಸರು ಕೊಟ್ಟಾಯ್ತು."

"ನನ್ನ ಕೇಳದೇನೇ?"

"ಕೇಳಿದ್ರೆ ಮಂಡಿನೋವು ಅಂತಿದ್ದೆ."

ಅಯ್ಯೋ, ಕಾರಿನೊಳಗೇ ಕುಣಿದುಬಿಟ್ಟೆ! ಹಾರ್ನ್ ಬೇರೆ ಹೊಡೆದೆ. ಐವತ್ತೊಂದನೇ ವಯಸ್ಸಿಗೆ ರಿಲೇ! ಆಮೇಲೆ ಅವಳೆಂದಳು: "ಕಡ್ಡಿನೂ ಒಪ್ಪಿದಾಳೆ. ಹಳೇ ಆರ್ಡರೇ. ಮೂರನೆಯವಳು ಅವಳು, ಕೊನೆಗೆ ನೀನು."

ಹಾರ್ನ್ ಮೇಲಿಂದ ಕೈ ತೆಗೆದೆ. ಕಡ್ಡಿ! ಕಡ್ಡಿಯಷ್ಟು ತೆಳ್ಳಗಿದ್ದಳೆಂದು ನಾವೇ ಇಟ್ಟ ಹೆಸರು.

ಜನವರಿ 9, ಶುಕ್ರವಾರ

ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಪ್ರಾಕ್ಟೀಸ್. ರಿಲೇ ಕೋಲಿನ ಬದಲು ಮಡಚುವ ಛತ್ರಿ. ನಮ್ಮವರು ಹಿಂದಿನಿಂದ ಓಡಿಬಂದು "ಹಿಡಿ!" ಎನ್ನಬೇಕು, ನಾನು ಹಿಂದೆ ನೋಡದೆ ಕೈ ಚಾಚಬೇಕು. ಮೊದಲ ಸಲವೇ ಛತ್ರಿ ಬಿಚ್ಚಿಕೊಂಡು ಅವರ ಕನ್ನಡಕ ಹಾರಿತು.

"ಇನ್ಶೂರೆನ್ಸ್ ಮಾಡಿಸಿ ಆಮೇಲೆ ಓಡೋಣ" ಎಂದರು. ನಕ್ಕು ನಕ್ಕು ಇಬ್ಬರೂ ನೆಲಕ್ಕೆ ಕೂತೆವು. ಮಂಡಿ ನೋಯುತ್ತಿದೆ. ನೋಯಲಿ!

ಜನವರಿ 11, ಭಾನುವಾರ. ಮಧ್ಯಾಹ್ನ

ಬರೆದೇಬಿಡುತ್ತೇನೆ. ಯಾರು ಓದುತ್ತಾರೆ ಇದನ್ನು.

ಹತ್ತನೇ ತರಗತಿ. ಕೊನೆಯ ಪಂದ್ಯ. ಕಡ್ಡಿ ತನ್ನ ಎಡ ಚಪ್ಪಲಿಯನ್ನು ಟ್ರ್ಯಾಕ್ ಪಕ್ಕ ಗುರುತಿಗೆ ಇಡುತ್ತಿದ್ದಳು. ಅವಳು ಅದನ್ನು ದಾಟಿದ ಕೂಡಲೇ ನಾನು ಓಡಬೇಕು. ಓಡತೊಡಗಿದ ಮೇಲೆ ಹಿಂತಿರುಗಿ ನೋಡುವಂತಿಲ್ಲ. ಅವಳು ಕೂಗುತ್ತಾಳೆ, ನಾನು ಕೈ ಕೊಡುತ್ತೇನೆ, ಅಷ್ಟೇ. ಆ ವರ್ಷವಿಡೀ ಒಂದು ಸಲವೂ ತಪ್ಪಿರಲಿಲ್ಲ. ಏನು ಓಡುತ್ತಿದ್ದೆವು! ನೆನೆದರೆ ಈಗಲೂ ಕಾಲು ನಿಲ್ಲುವುದಿಲ್ಲ.

ಆ ದಿನ ನಾವೇ ಮುಂದೆ. ಜನ ಹೋ ಎಂದರು. ತಡೆಯಲಾಗಲಿಲ್ಲ, ತಿರುಗಿದೆ. ಕೈ ಸರಿಯಿತು. ಕೋಲು ನನ್ನ ಮಣಿಕಟ್ಟಿಗೆ ಬಡಿದು ಅವಳ ಕಾಲ ಬಳಿ ಬಿತ್ತು.

ಡ್ರಿಲ್ ಮೇಷ್ಟ್ರು ಕೇಳಿದರು: "ಯಾರು ಬೀಳಿಸಿದ್ದು?"

ನಾನು ಮಣಿಕಟ್ಟು ಉಜ್ಜುತ್ತಾ ನೆಲ ನೋಡಿದೆ. ಕಡ್ಡಿ ನನ್ನನ್ನೊಮ್ಮೆ ನೋಡಿ ಹೇಳಿದಳು: "ನಾನೇ ಸಾರ್."

ರಾಜ್ಯ ತಂಡದ ಆಯ್ಕೆ ಕ್ಯಾಂಪಿಗೆ ನಾನು ಹೋದೆ, ಅವಳನ್ನು ಕೈಬಿಟ್ಟರು. ಶಾಲೆಯ ಬೋರ್ಡಿನಲ್ಲಿ ನನ್ನ ಹೆಸರಿದೆಯಂತೆ, ಬಿಳಿ ಪೇಂಟಿನಲ್ಲಿ. ಆಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಮೂವತ್ತೈದು ವರ್ಷ. ಹೇಡಿ ನಾನು.

ಈ ಸಲ ಹೇಳಬೇಕು. ಹೇಳದೆ ಅವಳ ಕೈಯಿಂದ ಕೋಲು ತೆಗೆದುಕೊಳ್ಳಲಾರೆ.

ಜನವರಿ 18, ಭಾನುವಾರ

ಮೈದಾನದಲ್ಲಿ ನಾಲ್ವರೂ ಸೇರಿದೆವು! ಎರಡನೆಯದಾಗಿ ಓಡುವವಳಿಗೆ ಮೊಮ್ಮಗು ಹುಟ್ಟಿದೆ, ಅಜ್ಜಿ ಶೂ ಹಾಕಿಕೊಂಡು ಬಂದಿದ್ದಳು. ಕಡ್ಡಿ ಈಗ ಕಡ್ಡಿಯಲ್ಲ. ಸ್ವಂತ ಬೇಕರಿ, ಹಿಟ್ಟು ನಾದಿ ನಾದಿ ತೋಳು ಪೈಲ್ವಾನರದ್ದು. ಓಡಿಹೋಗಿ ಅಪ್ಪಿಕೊಳ್ಳೋಣ ಎಂದರೆ...

"ಚೆನ್ನಾಗಿದೀರಾ?" ಎಂದಳು. ದೀರಾ! ನನಗೆ!

ಐದು ಸಲ ಓಡಿದೆವು. ಐದೂ ಸಲ ತಿರುಗಿದೆ. ಐದೂ ಸಲ ಕೋಲು ನೆಲಕ್ಕೆ. ಕ್ಯಾಪ್ಟನ್ ತಲೆ ಚಚ್ಚಿಕೊಂಡಳು. ದಿನವಿಡೀ ಊರಿಗೆಲ್ಲ ಕನ್ನಡಿ ನೋಡಿ ಎಂದು ಬೊಬ್ಬೆ ಹೊಡೆಯುವವಳಿಗೆ ಹಿಂದೆ ನೋಡದಿರುವುದು ಎಷ್ಟು ಕಷ್ಟ! ಹೇಳಬೇಕಾದ್ದನ್ನೂ ಹೇಳಲಿಲ್ಲ.

ಜನವರಿ 24, ಶನಿವಾರ. ಸಂಜೆ

ಹೋದೆ. ಬೇಕರಿಗೇ. ಬನ್ನಿನ ಟ್ರೇಗಳ ನಡುವೆ ನಿಂತು ಒಂದೇ ಉಸಿರಿಗೆ ಹೇಳಿದೆ: "ಅವತ್ತು ತಿರುಗಿದ್ದು ನಾನು. ಕೋಲು ಬಿದ್ದಿದ್ದು ನನ್ನಿಂದ."

ಟ್ರೇ ಒಳಗೆ ತಳ್ಳಿದಳು. ಓವನ್ ಬಾಗಿಲು ಮುಚ್ಚಿದಳು.

"ಗೊತ್ತು. ನಿಮ್ಮನ್ನೇ ನೋಡ್ಕೊಂಡು ತಾನೆ ನಾನು ಓಡಿ ಬರ್ತಿದ್ದಿದ್ದು? ತಿರುಗಿದ ಮುಖ ಕಾಣ್ಸಲ್ವಾ?"

ಹೌದಲ್ಲ! ಇಡೀ ಮೈದಾನದಲ್ಲಿ ನನ್ನ ಮುಖಕ್ಕೆ ಮುಖ ಕೊಟ್ಟು ಬರುತ್ತಿದ್ದವಳು ಅವಳೊಬ್ಬಳೇ. ಮೂವತ್ತೈದು ವರ್ಷ ಅವಳಿಂದಲೇ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ, ಮಂಕು ನಾನು.

"ಮತ್ಯಾಕೆ ನಾನೇ ಅಂದೆ?"

"ಯಾರೂ ಒಪ್ಕೊಳ್ದಿದ್ರೆ ಇಬ್ಬರನ್ನೂ ಕ್ಯಾಂಪಿಂದ ತೆಗೆದುಹಾಕ್ತಿದ್ರು. ಒಬ್ಬಳಾದ್ರೂ ಹೋಗ್ಲಿ ಅಂತ. ಆದ್ರೆ ಮಾರನೇ ದಿನ ನೀವು ಸಾರ್‌ಗೆ ಹೇಳ್ತೀರ ಅಂದ್ಕೊಂಡಿದ್ದೆ. ತುಂಬಾ ದಿನ ಕಾದೆ."

"ನಾಳೆ ಮೇಷ್ಟ್ರು ಬರ್ತಾರಂತೆ. ಹೇಳ್ತೀನಿ."

"ಪರವಾಗಿಲ್ಲ, ಬೇಗನೇ ಹೇಳ್ತಿದೀರ" ಎಂದಳು. ನಗಲಿಲ್ಲ.

ಜನವರಿ 25, ಭಾನುವಾರ. 3.30

ಹೇಳಿದೆ! ಹೇಳಿಬಿಟ್ಟೆ!

ಡ್ರಿಲ್ ಮೇಷ್ಟ್ರಿಗೆ ಎಂಬತ್ತೆಂಟು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಕಾಲ ಬಳಿ ಕೂತು ಹೇಳಿದೆ. ಕಿವಿಗೆ ಕೈ ಇಟ್ಟುಕೊಂಡು ಎಲ್ಲ ಕೇಳಿ, "ಯಾವ ಓಟಮ್ಮ?" ಎಂದರು.

ನೆನಪೇ ಇಲ್ಲ! ನಾನು ಇಷ್ಟು ವರ್ಷ ಹೊತ್ತಿದ್ದು ಅವರಿಗೆ ನೆನಪೇ ಇಲ್ಲ! ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಡ್ಡಿ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಜೋರಾಗಿ ಹೇಳೇ! ಅವರಿಗೆ ಕೇಳಿಸ್ತಿಲ್ಲ. ಎಲ್ಲರಿಗೂ ಕೇಳೋ ಹಾಗೆ ಹೇಳು!"

ಹೇಳೇ ಎಂದಳು. ನನಗೆ.

ಎದ್ದು ನಿಂತೆ. ಇಪ್ಪತ್ತೆರಡು ವರ್ಷ ಸಾಕಿದ ಗಂಟಲು ಇನ್ಯಾವಾಗ ಉಪಯೋಗಕ್ಕೆ ಬರಬೇಕು? "ಕೋಲು ಬೀಳಿಸಿದ್ದು ಅವಳಲ್ಲ ಸಾರ್, ನಾನು!" ಇಡೀ ಮೈದಾನ ತಿರುಗಿ ನೋಡಿತು. ಕಡ್ಡಿ ಅಲ್ಲೇ ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಮುಖ ಒರೆಸಿಕೊಂಡಳು.

3.55

ನನ್ನ ಗೆರೆಯ ಪಕ್ಕ, ಹುಲ್ಲಿನ ಮೇಲೆ ಕೂತಿದ್ದೇನೆ. ಖುಷಿ, ಬರೀ ಖುಷಿ. ಸುಳ್ಳೇಕೆ, ಭಯವೂ ಇದೆ. ಕಡ್ಡಿ ಬಂದು ಎಡ ಚಪ್ಪಲಿಯನ್ನು ಗುರುತಿಗೆ ಇಟ್ಟು ಹೋದಳು. ಬರಿಗಾಲಲ್ಲೇ ಓಡುತ್ತಾಳಂತೆ. "ತಿರುಗಿದ್ರೆ ಕೋಲು ನೆಲಕ್ಕಲ್ಲ, ನಿನ್ನ ತಲೆಗೆ ಬೀಳುತ್ತೆ" ಎಂದಳು.

ಅಗೋ, ಕ್ಯಾಪ್ಟನ್ ಗೆರೆಯ ಮೇಲೆ ಬಗ್ಗಿದಳು. ಕಡ್ಡಿ ತನ್ನ ಜಾಗದಿಂದ ಕೂಗುತ್ತಿದ್ದಾಳೆ: "ಬರೆದಿದ್ದು ಸಾಕು, ಏಳೇ!"

ಚಪ್ಪಲಿ ದಾಟುವವರೆಗೆ ಅವಳನ್ನು ನೋಡಬಹುದು. ಆಮೇಲೆ ಕೈ ಮಾತ್ರ ಹಿಂದೆ. ಕಣ್ಣು ಮುಂದೆ. ಎದ್ದೆ!