ಒಂದೇ ಸಲ ತೊಳೆದ ಬಾಟಲಿ

ಹೊಸಮನೆ, ಶಿವಮೊಗ್ಗ
12 ಆಗಸ್ಟ್ 2025

ಪ್ರೀತಿಯ ರಾಜಿ,

ನಾನು ಚೆನ್ನಾಗಿದ್ದೇನೆ, ನೀನೂ ಅಮ್ಮನೂ ಹಾಗೇ ಇದ್ದೀರಿ ಎಂದುಕೊಂಡಿದ್ದೇನೆ. ಹದಿನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳು ಈಗ ಕಾಗದ ಬರೆದಿದ್ದಾಳೆ ಎಂದು ಬೈಯಬೇಕೆನಿಸಿದರೆ ಬೈದುಬಿಡು. ಫೋನಿನಲ್ಲಿ ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ನಿಮ್ಮೂರು ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯಷ್ಟೇ. ಯಾವ ಮುಖ ಹೊತ್ತು ಬರಲಿ ಹೇಳು.

ಮೊದಲು ಸುದ್ದಿ. ಹೋದ ವಾರ ಅಟೆಂಡರ್ ಪುಟ್ಟಯ್ಯ ಲ್ಯಾಬಿನ ಬೀರು ಒರೆಸುವಾಗ ಒಂದು ಬಾಟಲಿ ಸಿಕ್ಕಿತು. "ಎಸೆಯೋದಾ ಮೇಡಂ?" ಅಂದರು. ನೋಡಿದರೆ ನಿನ್ನ ಅಕ್ಷರದ ಚೀಟಿ: "ಒಂದೇ ವಾಶ್." ಸುಮ್ಮನೆ ಯುವಿ ಟಾರ್ಚ್ ಹಿಡಿದೆ. ಅಯ್ಯೋ ರಾಜಿ, ಹಚ್ಚಹಸಿರು! ಎರಡು ಮಳೆಗಾಲದ ತೇವ ಕುಡಿದ ಪೆರೋವ್‌ಸ್ಕೈಟ್ ಕ್ವಾಂಟಮ್ ಡಾಟ್‌ಗಳು, ಕಣ್ಣಿಗೂ ಕಾಣದಷ್ಟು ಸಣ್ಣ ಆ ಕಣಗಳು, ಇನ್ನೂ ಬೆಳಗುತ್ತಿವೆ! ನಾನು ಮಾಡಿದವು ಹದಿನೈದೇ ದಿನಕ್ಕೆ ಮಂಕಾಗಿ ತಳ ಸೇರುತ್ತಿದ್ದವು, ನಿನಗೆ ಗೊತ್ತಲ್ಲ.

ನೀನು ಅವತ್ತೇ ಬಡಿದುಕೊಂಡಿದ್ದೆ. "ಎಷ್ಟು ಸಲ ತೊಳೀತೀಯೇ ಮಾರಾಯ್ತಿ? ಕಣದ ಮೈಗೆ ಹಿಡಿದಿರೋ ಎಣ್ಣೆ ಪದರಾನೂ ಹೋಗುತ್ತೆ. ಬರಿಮೈಲಿ ಮಳೇಲಿ ನಿಲ್ಸಿದ್ರೆ ಯಾರು ಬದುಕ್ತಾರೆ? ನಿಮ್ಮ ಮಡಿ ಮನೇಲೇ ಇಟ್ಟು ಬಾ!" ನಾನು ಕೇಳಿದೆನೇ? ಅಜ್ಜಿ ಪೂಜೆಯ ಪಾತ್ರೆ ತೊಳೆಯುವ ಹಾಗೆ ಮೂರು ಮೂರು ಸಲ ತೊಳೆದು, ಶುದ್ಧವಾಯಿತು ಎಂದು ಬೀಗಿದೆ.

ನಮ್ಮ ಗೈಡ್ ಈಶ್ವರಪ್ಪ ಸರ್‌ಗೆ ಬಾಟಲಿ ತೋರಿಸಿದೆ. ಟಾರ್ಚ್ ತಾವೇ ಹಿಡಿದು ನೋಡಿ, "ಶಿಸ್ತಿಲ್ಲ ಅಂತ ಆ ಹುಡುಗೀನ ಕಳಿಸಿಬಿಟ್ಟೆನಲ್ಲಮ್ಮ" ಅಂದರು. ಆಮೇಲೆ, "ಪ್ರಾಜೆಕ್ಟಲ್ಲಿ ಜಾಗ ಇದೆ, ಬರ್ತಾಳಾ ಕೇಳು. ಪೇಪರಲ್ಲಿ ಮೊದಲ ಹೆಸರು ಅವಳದೇ" ಅಂದರು. ಒಂದೇ ಸಲ ತೊಳೆದ ಕಣಗಳ ಆರು ಬಾಟಲಿ ಮಾಡಿಟ್ಟಿದ್ದೇನೆ. ಒಂದು ಬಾಟಲಿ ನಂಬಿ ಪೇಪರ್ ಬರೆಯಲಾಗದು, ತಿಂಗಳುಗಟ್ಟಲೆ ಕಾಯಬೇಕು.

ಒಬ್ಬಳೇ ಕಾಯಲಾರೆ ಕಣೇ. ಸೆಂಟ್ರಿಫ್ಯೂಜ್ ತಿರುಗುವ ಹತ್ತು ನಿಮಿಷ ಕಾರಿಡಾರಿನಲ್ಲಿ ನಿಂತು ನಿನ್ನ ಡಬ್ಬಿಯ ರೊಟ್ಟಿ ಮುಗಿಸುತ್ತಿದ್ದೆವಲ್ಲ, ಈಗ ಆ ಹತ್ತು ನಿಮಿಷ ಕಳೆಯುವುದೇ ಇಲ್ಲ. ಯಾರಾದರೂ ಜೋರಾಗಿ ನಕ್ಕರೆ ನೀನೇ ಎಂದು ತಿರುಗಿ ನೋಡುತ್ತೇನೆ. ಟ್ಯೂಷನ್ ಹೇಳುತ್ತಿದ್ದೀಯಂತೆ, ಆ ಮಕ್ಕಳ ಪುಣ್ಯ. ಆದರೂ ನೀನು ಬಾ. ಸೋಮವಾರ ಹತ್ತು ಗಂಟೆಗೆ ಲ್ಯಾಬಿನ ಬಾಗಿಲಲ್ಲೇ ಇರುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸು. ನೀನು ಕೈ ಹಾಕಿದ್ದೆಲ್ಲ ಕೈಗೂಡಲಿ.

ನಿನ್ನ,
ಗಗನಾ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ನೀನು ಎರಡನೇ ವಾಶ್ ಬಿಟ್ಟೆ ಎಂದು ಸರ್‌ಗೆ ಚಾಡಿ ಹೇಳಿದ್ದು ಪುಟ್ಟಯ್ಯ ಎಂದುಕೊಂಡು, ಅವರೊಡನೆ ಮಾತು ಬಿಟ್ಟು ಹೋದೆಯಲ್ಲ. ಹೇಳಿದ್ದು ನಾನು. ನಿನ್ನ ದಾರಿಯೇ ಸರಿ ಇರಬಹುದು ಎಂದು ನನಗೆ ಆ ದಿನವೇ ಅನ್ನಿಸಿತ್ತು, ಅದಕ್ಕೇ ಹೇಳಿದೆ. ಇಷ್ಟು ಓದಿದ ಮೇಲೂ ಬರ್ತೀಯಾ, ರಾಜಿ?