ಬಾವನ ಕಬ್ಬಿಣದ ಮಾತ್ರೆ

ಮಾರ್ಚ್ 3, ಬೆಳಗ್ಗೆ 6.40

ಅಕ್ಕನಿಗೆ ಬೆಳಗಿನ ಮಾತ್ರೆ ಕೊಟ್ಟಾಯಿತು. ಮರೆವಿನ ಕಾಯಿಲೆಗೆ ಹೊಸ ಔಷಧಿ ಪರೀಕ್ಷಿಸುವ ಪ್ರಯೋಗದ ಮಾತ್ರೆ, ಇಪ್ಪತ್ತೆರಡನೆಯ ದಿನ. ಚಾರ್ಟಿನಲ್ಲಿ ಟಿಕ್ ಹಾಕಿದೆ. ನುಂಗುವ ಮೊದಲು ಎಂದಿನಂತೆ ವಿಚಾರಣೆ.

"ಯಾರು ಬರ್ಕೊಟ್ಟಿದ್ದು ಇದನ್ನ?"

"ಡಾಕ್ಟರು."

"ನೀನ್ಯಾರು?"

"ನಿನ್ನ ತಂಗಿ."

"ಹಾಗಾದ್ರೆ ಸರಿ."

ಡಾಕ್ಟರಿಗಿಂತ ತಂಗಿ ಮೇಲು. ತಂಗಿಯ ಮುಖ ನೆನಪಿಲ್ಲದಿದ್ದರೂ.

ಬಾವ ಬಾಗಿಲಲ್ಲಿ ನಿಂತಿದ್ದರು, ವಾಚ್ ರಿಪೇರಿಯ ಭೂತಗನ್ನಡಿ ಕಣ್ಣಿಗೆ ಹಾಗೇ ಸಿಕ್ಕಿಸಿಕೊಂಡು. ಅರವತ್ತೊಂಬತ್ತಾದರೂ ಕೆಲಸ ಬಿಟ್ಟಿಲ್ಲ. ಅಂಗಡಿ ಮುಂದಿನ ಕೋಣೆಗೆ ಬಂದಿದೆ, ಅಷ್ಟೆ.

"ಇದು ಏನ್ ಮಾಡುತ್ತೆ, ಇನ್ನೊಂದ್ಸಲ ಹೇಳು ಪಂಡಿತಮ್ಮ."

"ಮಿದುಳಲ್ಲಿ ಜಾಸ್ತಿ ಸೇರ್ಕೊಂಡಿರೋ ಕಬ್ಬಿಣ ಹೊರಗೆ ತರುತ್ತೆ. ತರಬಹುದು. ಅಕ್ಕನಿಗೆ ಸಿಕ್ಕಿರೋದು ಔಷಧಿನೋ ಬರೀ ಸಕ್ಕರೆ ಮಾತ್ರೆನೋ, ಡಾಕ್ಟರಿಗೂ ಗೊತ್ತಿಲ್ಲ. ಅರ್ಧ ಜನಕ್ಕೆ ಅದು, ಅರ್ಧ ಜನಕ್ಕೆ ಇದು."

"ಕಬ್ಬಿಣ ಸಾಲ್ದು ಅಂತ ಮೂವತ್ತು ವರ್ಷ ನಾನು ತಿನ್ನಿಸ್ದೆ. ಜಾಸ್ತಿ ಆಯ್ತು ಅಂತ ಈಗ ನೀನು ತೆಗೀತೀಯ. ಚೆನ್ನಾಗಿದೆ ನಮ್ಮ ಸಂಸಾರ."

ನಗುತ್ತ ಹೇಳಿದ್ದು. ಆದರೂ ಅವರು ಕೊಡುತ್ತಿದ್ದ ಕಬ್ಬಿಣದ ಮಾತ್ರೆ ನಿಲ್ಲಿಸಿದ್ದು ನಾನೇ, ಒಂದೇ ಮಾತಿನಲ್ಲಿ. ಸ್ವಲ್ಪ ನೋವಾಗಿರಬೇಕು.

ಮಾರ್ಚ್ 5, ಸಂಜೆ

ಇಡೀ ದಿನ ಲ್ಯಾಬಿನಲ್ಲಿ ಬಣ್ಣ ಹಾಕುವ ಕೆಲಸ. ತೀರಿಕೊಂಡವರು ದಾನ ಕೊಟ್ಟ ಮಿದುಳು. ಕೂದಲಿಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಹಾಸುತ್ತೇವೆ. ಕಬ್ಬಿಣ ಇರುವಲ್ಲಿ ನೀಲಿ ಏಳುತ್ತದೆ. ಇಪ್ಪತ್ತನಾಲ್ಕು ವರ್ಷವಾಯಿತು, ಈಗಲೂ ಆ ನೀಲಿ ಏಳುವಾಗ ಉಸಿರು ಹಿಡಿದೇ ನೋಡುತ್ತೇನೆ. ಮರೆವಿನ ಕಾಯಿಲೆಯವರಲ್ಲಿ ಅದು ಕಾವಲು ಕೋಶಗಳ ಒಳಗೇ ಇರುತ್ತದೆ. ಕಾಯಬೇಕಾದವು ಕಬ್ಬಿಣ ನುಂಗಿ, ಉಬ್ಬಿ, ಸಿಟ್ಟು ಇಳಿಯದೆ ಕೂತಿರುತ್ತವೆ. ಪುಸ್ತಕದ ಮಾತಲ್ಲಿ ಉರಿಯೂತ. ಯಾರದ್ದೋ ಮಿದುಳು ಅಂದುಕೊಂಡು ನೋಡಬೇಕು. ಈಚೆಗೆ ಆಗುತ್ತಿಲ್ಲ.

ಮನೆಗೆ ಬಂದು ಅಕ್ಕನಿಗೆ ಒಂದು ಕವಿತೆ ಓದಿದೆ. ಪೂರ್ತಿ ಕೇಳಿ, "ಲೈನ್ ಸ್ಪಷ್ಟ ಇದೆ, ಯಾವ ಊರಿಂದ ಮಾತಾಡ್ತಿದಾರೆ?" ಅಂದಳು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು. ಕವಿತೆಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಂ.ಎ. ತರಗತಿಯಲ್ಲೂ ಕೇಳಲಿಲ್ಲ. (ಎಂ.ಎಸ್ಸಿ. ಹೊಟ್ಟೆಪಾಡಿಗೆ. ಎಂ.ಎ. ಅಕ್ಕ ಬೈದರೂ ಬಿಡದೆ ಮಾಡಿದ್ದು.)

ಮಾರ್ಚ್ 19, ಬೆಳಗ್ಗೆ 8.15

ಬಸ್ಸಿಗೆ ಹೊರಟಿದ್ದೆ. ಹಿಂದಿನಿಂದ, "ಪುಟ್ಟಿ, ತಲೆ ಬಾಚ್ಕೊಳ್ದೆ ಕೆಲ್ಸಕ್ಕೆ ಹೋಗ್ತೀಯಾ? ಕಾಗೆ ಗೂಡು ಕಟ್ಟುತ್ತೆ."

ಪುಟ್ಟಿ. ಹನ್ನೊಂದು ತಿಂಗಳಾಗಿತ್ತು ಆ ಹೆಸರು ಕೇಳಿ. ಅಮ್ಮ ಹೋದಾಗ ನನಗೆ ಆರು ವರ್ಷ, ಇವಳಿಗೆ ಇಪ್ಪತ್ತೊಂದು. ಆವತ್ತಿನಿಂದ ನನ್ನ ತಲೆ ಬಾಚಿದವಳು. ಚಪ್ಪಲಿ ಬಿಚ್ಚಿ ಬಂದು ಅವಳ ಮುಂದೆ ಕೂತೆ. ಬಸ್ಸು ತಪ್ಪಿತು.

ಮಾರ್ಚ್ 20

ಇವತ್ತೂ ಪುಟ್ಟಿ ಅಂದಳು. ಎರಡು ಸಲ.

ಔಷಧಿ ಹಿಡಿಯುತ್ತಿದೆಯಾ? ಹೀಗೆ ಬರೆಯಬಾರದು. ಬರೆದೆ.

ಏಪ್ರಿಲ್ 11, ಮಧ್ಯಾಹ್ನ

ಅಕ್ಕನನ್ನು ಕಕ್ಕಸಿನಿಂದ ಎಬ್ಬಿಸುವಾಗ ನೋಡಿದೆ. ಮಲ ಕಪ್ಪು. ಟಾರಿನ ಹಾಗೆ. ಹೊಟ್ಟೆಯೊಳಗೆ ರಕ್ತ ಸೋರಿದರೆ ಹೀಗಾಗುತ್ತದೆ. ಮನೆ ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಖಾಲಿ ಹೊಟ್ಟೆಯಲ್ಲಿ ಕರೆತನ್ನಿ, ಗಂಟಲಿಂದ ಟ್ಯೂಬ್ ಇಳಿಸಿ ನೋಡೋಣ ಅಂದರು. ಹಲ್ಲುಜ್ಜಿಸುವಾಗಲೇ ಬೆರಳು ಕಚ್ಚುತ್ತಾಳೆ. ಟ್ಯೂಬ್...

ಬಾವನಿಗೆ ಹೇಳಿದೆ. ಎದ್ದು ಮುಂದಿನ ಕೋಣೆಗೆ ಹೋದರು.

ಅದೇ ದಿನ, ಸಂಜೆ 5

ಹೋದವರು ವಾಪಸ್ ಬಂದರು. ಕೈಯಲ್ಲಿ ವಾಚಿನ ಬೆಲ್ಟ್ ಇಡುವ ತಗಡಿನ ಡಬ್ಬಿ. ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಬೆಲ್ಟುಗಳ ಕೆಳಗೆ ಕಬ್ಬಿಣದ ಮಾತ್ರೆಯ ಹಾಳೆಗಳು. ಅರ್ಧ ಖಾಲಿ.

"ಟ್ಯೂಬ್ ಬೇಡ. ರಕ್ತ ಅಲ್ಲ ಅದು. ಇದು."

ಕಬ್ಬಿಣ ತಿಂದರೂ ಮಲ ಕಪ್ಪಾಗುತ್ತದೆ. ನನಗೇ ಹೊಳೆಯಬೇಕಿತ್ತು.

"ಯಾವಾಗಿಂದ ಬಾವ?"

"ನೀನು ನಿಲ್ಸು ಅಂದ್ಮೇಲೆ ಬಿಟ್ಟಿದ್ದು ನಾಲ್ಕೇ ದಿನ. ಕೆಳಗಿನ ರೆಪ್ಪೆ ಎಳ್ದು ನೋಡ್ದೆ. ಕಾಗದದ ಹಾಗೆ ಬೆಳ್ಳಗಿತ್ತು."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತ ರೇಗಲು ಬಾಯಿ ತೆಗೆದೆ. ರೆಪ್ಪೆಯ ಮಾತು ತಡೆಯಿತು. ಮೂವತ್ತು ವರ್ಷದ ಹಿಂದೆ ಹೆರಿಗೆಯಲ್ಲಿ ಅವರ ಮಗು ಉಳಿಯಲಿಲ್ಲ. ಆವತ್ತು ಅಕ್ಕನೂ ಹೋಗುವವಳೇ ಇದ್ದಳು, ಮೈಯಲ್ಲಿ ರಕ್ತವಿರಲಿಲ್ಲ. ರೆಪ್ಪೆ ಎಳೆದು ನೋಡುವುದನ್ನು ಆಸ್ಪತ್ರೆಯ ನರ್ಸ್ ಕಲಿಸಿದ್ದಂತೆ. ಅಂದಿನಿಂದ ದಿನಾ ಸಂಜೆ ಒಂದು ಮಾತ್ರೆ, ಒಂದು ಲೋಟ ನೀರು. ಬಾವ ಪ್ರೀತಿಯ ಮಾತಾಡಿದ್ದು ನಾನು ಕೇಳಿಲ್ಲ. ಅವರಿಗೆ ಈ ಮಾತ್ರೆಯೇ ಮಾತು.

"ಆ ಡಾಕ್ಟರಮ್ಮನಿಗೆ ಹೇಳ್ಬೇಡ. ಪ್ರಯೋಗದಿಂದ ತೆಗ್ದುಬಿಡ್ತಾರೆ. ನಾಳೆಯಿಂದ ಮುಟ್ಟಲ್ಲ, ನಿನ್ನಾಣೆ."

ಏಪ್ರಿಲ್ 12

ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದೆ. ರಕ್ತ ಇಲ್ಲ. ಟ್ಯೂಬ್ ರದ್ದು. ಮನೆ ಡಾಕ್ಟರು ಜೋರಾಗಿ ನಕ್ಕರು.

ನನಗೆ ನಗು ಬರಲಿಲ್ಲ. ಎರಡು ತಿಂಗಳು ಬೆಳಗ್ಗೆ ನಾನು ತೆಗೆದದ್ದು, ಸಂಜೆ ಬಾವ ತುಂಬಿದ್ದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪ್ರಯೋಗದ ಡಾಕ್ಟರಮ್ಮನ ಭೇಟಿ ಹದಿನೈದಕ್ಕೆ. ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಕಬ್ಬಿಣದ ಮಾತ್ರೆ, ಟಾನಿಕ್ ಕೊಟ್ಟಿದ್ದೀರಾ? ಹಿಂದಿನ ಸಲ 'ಇಲ್ಲ'ಕ್ಕೆ ಟಿಕ್ ಹಾಕಿ ಸಹಿ ಮಾಡಿದವಳು ನಾನು.

ಮತ್ತೆ ಇಲ್ಲ ಅಂದರೆ ಅಕ್ಕ ಪ್ರಯೋಗದಲ್ಲಿ ಉಳಿಯುತ್ತಾಳೆ. ಪುಟ್ಟಿ ಅಂತ ಕರೆಯುವ ಇನ್ನೊಂದು ಬೆಳಗು ಸಿಗಬಹುದು. ಆದರೆ ಅವಳ ಲೆಕ್ಕ ಸುಳ್ಳಾದರೆ, ಮುಂದೆ ಇದೇ ಮಾತ್ರೆ ನುಂಗುವ ಯಾರದ್ದೋ ಅಕ್ಕ... ಕೊಳೆ ಬಿದ್ದ ಗಾಜನ್ನು ನಾನು ಯಾವತ್ತೂ ಮುಂದಕ್ಕೆ ಕಳಿಸಿಲ್ಲ.

ಏಪ್ರಿಲ್ 15

ಹೌದು ಅಂತ ಟಿಕ್ ಹಾಕಿದೆ.

ಡಾಕ್ಟರಮ್ಮ ಗದರಲಿಲ್ಲ. ಇವತ್ತಿಗೇ ಕೊನೆ ಅಂದರು. ಸಿಕ್ಕಿದ್ದು ಔಷಧಿಯೋ ಸಕ್ಕರೆಯೋ ಎಂಬುದು ಪ್ರಯೋಗವೆಲ್ಲ ಮುಗಿದ ಮೇಲೆ ಪತ್ರದಲ್ಲಿ ತಿಳಿಸುತ್ತಾರಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಬಾವನ ಎದುರು ಕೂತರು.

"ಊರಲ್ಲಿ ಗಲಾಟೆ ಆದ್ರೆ ಉಗ್ರಾಣದವನು ಏನ್ಮಾಡ್ತಾನೆ? ಬೀಗ ಹಾಕ್ತಾನೆ. ಒಳಗೆ ಮೂಟೆ ಇದ್ರೂ ಹೊರಗೆ ಜನ ಉಪವಾಸ. ಉರಿಯೂತ ಇದ್ರೆ ಮೈನೂ ಹಾಗೇ. ಕಬ್ಬಿಣ ಒಳಗಿಟ್ಟು ಬೀಗ ಹಾಕುತ್ತೆ. ಅದಕ್ಕೇ ರೆಪ್ಪೆ ಬೆಳ್ಳಗೆ ಕಾಣ್ತಿತ್ತು. ನೀವು ಬಾಗ್ಲ ಮುಂದೆ ಇನ್ನಷ್ಟು ಮೂಟೆ ಇಳ್ಸಿದ್ರಿ."

ಬಾವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. "ಬೀಗ ಇದೆ ಅಂತ ನಂಗ್ಯಾರೂ ಹೇಳ್ಲಿಲ್ಲ."

ಹೇಳಿರಲಿಲ್ಲ. ನಿಲ್ಲಿಸಿ ಅಂದಿದ್ದೆ, ಅಷ್ಟೆ. ಮೂವತ್ತು ವರ್ಷದ ಪಾಠವನ್ನು ಒಂದೇ ಪದದಲ್ಲಿ ಅಳಿಸಲು ಹೋಗಿದ್ದೆ.

ಮೇ 24

ಐದು ವಾರ ಬರೆದಿಲ್ಲ. ಬಾವನ ಜೊತೆ ಮಾತೂ ಇಲ್ಲ. ಬಾಗಿಲು ಹಾಕಿ, ಉಪ್ಪು ಕೊಡಿ, ಇಷ್ಟೇ. ತಪ್ಪು ಇಬ್ಬರದ್ದೂ ಅಂತ ಗೊತ್ತಿದ್ದೂ.

ಇವತ್ತು ಊಟದ ಮೇಜಲ್ಲಿ ಅಕ್ಕ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. "ಲೈನ್ ಖಾಲಿ ಬಿದ್ದಿದೆ. ಯಾರಾದ್ರೂ ಮಾತಾಡ್ರಿ. ಇಲ್ಲಾಂದ್ರೆ ಕಟ್ ಮಾಡ್ತೀನಿ."

ಬಾವ ನಕ್ಕರು. ನಾನೂ. ನಗುತ್ತಲೇ ಅವರು ಕಣ್ಣೊರೆಸಿಕೊಂಡರು. "ಪಂಡಿತಮ್ಮ, ಟೀ ಮಾಡ್ಲಾ?" ಅಂದರು. ಸಕ್ಕರೆ ಮರೆತ ಟೀ. ಇಬ್ಬರೂ ಕುಡಿದೆವು.

ಸೆಪ್ಟೆಂಬರ್ 8

ಅಕ್ಕ ಮಾತು ಕಡಿಮೆ ಮಾಡಿದ್ದಾಳೆ. ಎಕ್ಸ್‌ಚೇಂಜ್ ಮುಚ್ಚುವ ಹೊತ್ತು.

ಬಾವ ಹೊಸ ಹಠ ಹಿಡಿದಿದ್ದಾರೆ. ಇಷ್ಟು ದಿನ ಅಕ್ಕನಿಗೆ ಊಟ ತಿನ್ನಿಸುತ್ತಿದ್ದವರು ಈಗ ತಿನ್ನಿಸುವುದಿಲ್ಲ. ಚಮಚ ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಾರೆ. ಅವಳು ನನ್ನ ಕೈಗೆ ಬಾಯಿ ತೆರೆಯುವುದು ಕಡಿಮೆ. ಮೂರು ಚಮಚಕ್ಕೆ ಮುಖ ತಿರುಗಿಸಿ ಅವರ ಕುರ್ಚಿ ನೋಡುತ್ತಾಳೆ. ನಾಲ್ಕು ಕಿಲೋ ಇಳಿದಿದ್ದಾಳೆ.

ಕೇಳಿದೆ. ಬಿಚ್ಚಿಟ್ಟ ವಾಚೊಂದರ ಮೇಲೆ ಬಗ್ಗಿಕೊಂಡೇ ಹೇಳಿದರು.

"ಅದು ನಿಜವಾದ ಔಷಧಿನೇ ಆಗಿದ್ರೆ? ಅವಳು ವಾಪಸ್ ಬರ್ತಾ ಇದ್ಳು. ಎರಡು ದಿನ ನಿನ್ನ ಹೆಸರು ಹಿಡ್ದು ಕರೆದ್ಳು. ನನ್ನ ಕೈಯಿಂದಾನೇ ಕೆಡ್ತು. ಈ ಕೈಯಿಂದ ಇನ್ನೇನೂ ಬೇಡ ಅವಳಿಗೆ."

ಅವಳು ಕರೆದ ಆ ಎರಡು ದಿನವೂ ನಿಮ್ಮ ಮಾತ್ರೆ ಹೊಟ್ಟೆಯಲ್ಲಿತ್ತಲ್ಲ ಬಾವ ಅಂದೆ. ಯಾವುದರಿಂದ ಏನಾಯಿತು, ಯಾರೂ ಹೇಳಲಾರರು ಅಂದೆ. ನಿಜವೇ ಅದು. ಕಿವಿಗೆ ಹಾಕಿಕೊಳ್ಳಲಿಲ್ಲ. "ಪತ್ರ ಬರ್ಲಿ" ಅಂದರು.

ನವೆಂಬರ್ 27, ಸಂಜೆ 6.10

ಪತ್ರ ಬಂತು. ಇಂಗ್ಲಿಷಿನಲ್ಲಿ, ಎರಡು ಪುಟ. ಬಾವ ಭೂತಗನ್ನಡಿ ಹಚ್ಚಿ, ಓದಲು ಬಾರದ ಅಕ್ಷರಗಳ ಮೇಲೆಲ್ಲ ಒಮ್ಮೆ ಕಣ್ಣಾಡಿಸಿ ನನ್ನ ಕೈಗಿಟ್ಟರು.

"ಓದು. ಮುಚ್ಚಿಡ್ಬೇಡ. ನಿಂಗೆ ಸುಳ್ಳು ಹೇಳೋಕೆ ಬರಲ್ಲ, ಗೊತ್ತು ನಂಗೆ."

ಓದಿದೆ. ಎರಡನೆಯ ಪುಟದಲ್ಲಿ ಅಕ್ಕನ ಸಂಖ್ಯೆ, ಅದರ ಪಕ್ಕ ಒಂದು ಪದ. ಇನ್ನೊಮ್ಮೆ ಓದಿದೆ. ಅವಳು ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದಳು, ಕುತ್ತಿಗೆಯ ಎಲುಬು ಕಾಣುತ್ತಿತ್ತು. ಎದುರಿಗೆ ಆರುತ್ತಿದ್ದ ಸೂಪು.

"ಸಕ್ಕರೆ ಮಾತ್ರೆ ಬಾವ. ಶುರುವಿಂದ ಬರೀ ಸಕ್ಕರೆ. ನಿಮ್ಮಿಂದ ಏನೂ ಕೆಟ್ಟಿಲ್ಲ."

ದನಿ ನಡುಗಲಿಲ್ಲ. ಫಾರಮ್ಮಿನ ಮೇಲೆ ಸುಳ್ಳು ಬರೆಯಲಾರದವಳು, ಮುಖ ನೋಡಿ ಹೇಳಿದೆ.

ಅವರು ಭೂತಗನ್ನಡಿ ಕಳಚಿಟ್ಟರು. ಆಮೇಲೆ ಕೈ ತೊಳೆದುಕೊಂಡು, ಕುರ್ಚಿ ಎಳೆದು, ಚಮಚ ಎತ್ತಿದರು. ನಾನು ಪತ್ರ ಮಡಚಿ ಇಲ್ಲಿಗೆ ಬಂದೆ.

ಈ ಪುಸ್ತಕದಲ್ಲಿ ಈವರೆಗೆ ಸುಳ್ಳು ಬರೆದಿಲ್ಲ. ಆದ್ದರಿಂದ, ಅಕ್ಕನ ಸಂಖ್ಯೆಯ ಪಕ್ಕ ಇದ್ದ ಪದ —

ಬಾವ ಕರೆಯುತ್ತಿದ್ದಾರೆ. ಬಟ್ಟಲು ಖಾಲಿಯಾಯಿತಂತೆ, ಇನ್ನೂ ಕೇಳುತ್ತಿದ್ದಾಳಂತೆ. ಸೂಪು ಬಿಸಿ ಮಾಡಿ ಬಂದು ಬರೆಯುತ್ತೇನೆ.