‘ಸ್ವಇಚ್ಛೆಯಿಂದ’ ಕೊಟ್ಟ ಪಾಸ್‌ಪೋರ್ಟು

ಕೆಲಸಕ್ಕೆಂದು ಪರದೇಶಕ್ಕೆ ಹೋಗುವವರಿಗೆ ತಿಳಿವಳಿಕೆ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಮ್ಮ ಕಚೇರಿಯಲ್ಲಿ ತರಬೇತಿ ಪಡೆದು ಪರದೇಶದ ಬಟ್ಟೆ ಕಾರ್ಖಾನೆಗೆ ಹೋದ ನನ್ನ ತಂಗಿಯ ಎರಡು ವರ್ಷದ ಕರಾರು ಮುಗಿದು ಐದು ತಿಂಗಳಾಯಿತು. ಅವಳು ಇನ್ನೂ ಅಲ್ಲೇ ಇದ್ದಾಳೆ. ಅವಳ ಪಾಸ್‌ಪೋರ್ಟು ಮ್ಯಾನೇಜರನ ತಿಜೋರಿಯಲ್ಲಿದೆ. ಕೇಳಿದಾಗಲೆಲ್ಲ ಅವನು ‘ಈ ಆರ್ಡರ್ ಮುಗೀಲಿ’ ಎನ್ನುತ್ತಾನೆ. ನಾನು ತಮಗೆ ಮೂರು ಅರ್ಜಿ ಕೊಟ್ಟೆ. ಮೂರನೆಯದಕ್ಕೆ ಉತ್ತರ ದಯಪಾಲಿಸಿದಿರಿ: ‘ಸದರಿ ಕಾರ್ಮಿಕರು ತಮ್ಮ ಪಾಸ್‌ಪೋರ್ಟನ್ನು ಸ್ವಇಚ್ಛೆಯಿಂದ ಒಪ್ಪಿಸಿರುವುದಾಗಿ ಅರ್ಜಿದಾರರೇ ತಿಳಿಸಿರುವುದರಿಂದ, ಈ ಬಗ್ಗೆ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.’ ಎಂಥ ವಾಕ್ಯ! ಕೈ ತೊಳೆದುಕೊಳ್ಳಲು ನಮಗೆಲ್ಲ ನೀರು ಬೇಕು, ತಮಗೆ ಒಂದು ವಾಕ್ಯ ಸಾಕು. ಅರ್ಜಿ ಓದುವ ಅಭ್ಯಾಸ ತಮಗಿಲ್ಲ, ಪತ್ರಿಕೆ ಓದುವ ಅಭ್ಯಾಸ ಇದ್ದೀತು ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಅವಳೇ ಕೊಟ್ಟಳು. ಯಾರೂ ಕಿತ್ತುಕೊಳ್ಳಲಿಲ್ಲ. ನಮ್ಮ ಹೊಲಿಗೆ ಅಂಗಡಿಗಳಲ್ಲಿ ಒಂದು ರೂಢಿ ಇದೆ. ಹೊಸದಾಗಿ ಸೇರುವವರು ಮೊದಲ ದಿನ ತಮ್ಮ ಸ್ವಂತ ಕತ್ತರಿಯನ್ನು ಮಾಸ್ಟರ್ ಕೈಗೆ ಒಪ್ಪಿಸಬೇಕು. ಅವರು ಅದನ್ನು ಒಂದು ವಾರ ಇಟ್ಟುಕೊಂಡು, ಕೆಲಸ ಮನಸ್ಸಿಗೆ ಬಂದರೆ ಸಾಣೆ ಹಿಡಿಸಿ ವಾಪಸ್ಸು ಕೊಡುತ್ತಾರೆ. ಕೇಳುವ ಮುಂಚೆಯೇ ಕೊಟ್ಟವಳು ಮರ್ಯಾದೆಯವಳು, ಕೇಳಿಸಿಕೊಂಡು ಕೊಟ್ಟವಳು ಜಂಬದವಳು. ಇದನ್ನು ತಂಗಿಗೆ ಹೇಳಿಕೊಟ್ಟವಳು ನಾನೇ. ಅವಳು ಕೆಲಸ ಕಲಿತದ್ದು ನನ್ನ ಅಂಗಡಿಯಲ್ಲಿ. ಪರದೇಶದ ಕಾರ್ಖಾನೆಯಲ್ಲಿ ಕತ್ತರಿ, ಟೇಪು, ಸೂಜಿ ಎಲ್ಲ ಅವರದೇ. ಮೊದಲ ದಿನ ಮ್ಯಾನೇಜರನ ಮುಂದೆ ಸಾಲಾಗಿ ನಿಲ್ಲಿಸಿದಾಗ ಇವಳ ಕೈಯಲ್ಲಿ ಸ್ವಂತದ್ದೆಂದು ಇದ್ದದ್ದು ಪಾಸ್‌ಪೋರ್ಟು ಮಾತ್ರ. ಅದನ್ನೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಹಿಂದೆ ನಿಂತಿದ್ದ, ತಮ್ಮ ಕಚೇರಿಯಲ್ಲೇ ತರಬೇತಿ ಪಡೆದು ಹೋದ ಹದಿನಾಲ್ಕು ಹೆಣ್ಣುಮಕ್ಕಳೂ ಹೊಲಿಗೆಯವರೇ. ಅವರೂ ನೋಡಿ ಹಾಗೆಯೇ ಕೊಟ್ಟರು, ಈಗ ಇವಳಂತೆಯೇ ಅಲ್ಲಿ ಸಿಕ್ಕಿಕೊಂಡಿದ್ದಾರೆ. ‘ತುಂಬಾ ಒಳ್ಳೆಯವರು ಅಕ್ಕ, ನಗ್ತಾ ನಗ್ತಾ ತಗೊಂಡ್ರು’ ಎಂದು ಅವತ್ತು ಫೋನಿನಲ್ಲಿ ಹೇಳಿದಳು. ನಾನು ‘ಒಳ್ಳೇದಾಯ್ತು ಬಿಡೇ, ಮಾನ ಉಳಿಸಿದೆ’ ಎಂದೆ. ಅದನ್ನು ನೆನೆದರೆ ನನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ದಡ್ಡತನ ಒಪ್ಪಿಕೊಂಡೆ. ನಾನು ಎಂಟನೇ ಕ್ಲಾಸು ಓದಿ ರವಿಕೆ ಹೊಲಿಯುವವಳು, ಪರದೇಶ ಕಂಡವಳಲ್ಲ. ತಾವು? ಕಾರ್ಮಿಕರಿಗೆ ಬುದ್ಧಿ ಹೇಳುವುದಕ್ಕಾಗಿಯೇ ಕುರ್ಚಿ, ಫ್ಯಾನು, ಬಾಗಿಲಿಗೊಬ್ಬ ಜವಾನ ಪಡೆದವರು. ಆ ತರಬೇತಿಯ ದಿನ ತಂಗಿಯ ಜೊತೆ ಬಂದ ನಾನೂ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಹತ್ತು ಗಂಟೆಯ ತರಗತಿಗೆ ತಾವು ಹನ್ನೊಂದೂವರೆಗೆ ದಯಮಾಡಿಸಿದಿರಿ. ಮುಕ್ಕಾಲು ಗಂಟೆ ದೇಶದ ಗೌರವದ ಬಗ್ಗೆ ಮಾತು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯೊಂದಕ್ಕೆ ಬೆಲ್ಟು ಕಟ್ಟಿ, ವಿಮಾನದಲ್ಲಿ ಅದನ್ನು ಹಾಕುವುದು ಹೇಗೆ, ಬಿಚ್ಚುವುದು ಹೇಗೆ ಎಂದು ತೋರಿಸಲಾಯಿತು. ವಿಮಾನದಲ್ಲಿ ಕೂರುವ ಐದು ಗಂಟೆಗೆ ಇಷ್ಟು ಪಾಠ, ಇಳಿದ ಮೇಲಿನ ಎರಡು ವರ್ಷಕ್ಕೆ ‘ಯಾವಾಗಲೂ ನಗುಮುಖದಿಂದಿರಿ’ ಎಂಬ ಒಂದೇ ಮಾತು! ಅಡುಗೆ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಎದ್ದು ನಿಂತು, ‘ಸಾರ್, ಪಾಸ್‌ಪೋರ್ಟು ನಮ್ಮ ಹತ್ರಾನೇ ಇಟ್ಕೋಬೇಕಾ?’ ಎಂದು ಕೇಳಿದ್ದು ನೆನಪಿದೆಯೇ? ಇರಲಾರದು. ತಾವು ಗಡಿಯಾರ ನೋಡುತ್ತ ಹೇಳಿದಿರಿ: ‘ಅದೆಲ್ಲ ಮಾಲೀಕರು ನೋಡ್ಕೋತಾರಮ್ಮ. ನೀವು ಹೊಂದ್ಕೊಂಡು ಹೋಗೋದು ಕಲೀರಿ.’ ಆಮೇಲೆ ಬ್ಯಾನರಿನ ಮುಂದೆ ಫೋಟೋ. ಅದರಲ್ಲಿ ನನ್ನ ತಂಗಿ ತಮ್ಮ ಎಡಕ್ಕಿದ್ದಾಳೆ, ತಾವು ಹೇಳಿದಂತೆಯೇ ನಗುತ್ತಿದ್ದಾಳೆ.

ತಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ, ಹನ್ನೆರಡು ವರ್ಷ ಪರದೇಶದಲ್ಲಿ ದುಡಿದು ಬಂದ ಕ್ರೇನ್ ಡ್ರೈವರ್ ಒಬ್ಬರು ಪರಿಚಯವಾದರು. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಅವರು ಹೇಳಿದ್ದಿಷ್ಟು: ‘ಪಾಸ್‌ಪೋರ್ಟು ಯಾರು ಕೇಳಿದ್ರೂ ಕೊಡ್ಬಾರ್ದು, ಬೇಕಂದ್ರೆ ಜೆರಾಕ್ಸ್ ಕೊಡ್ಬೇಕು. ಕರಾರನ್ನ ನಮ್ಮ ಭಾಷೇಲಿ ಓದಿಸ್ಕೊಂಡೇ ಸಹಿ ಹಾಕ್ಬೇಕು. ಎಲ್ಲಾ ಹಾಳೇದೂ ಫೋಟೋ ತೆಗೆದು ಮನೇಲಿ ಒಬ್ರ ಹತ್ರ ಬಿಟ್ಟು ಹೋಗ್ಬೇಕು. ರಾಯಭಾರ ಕಚೇರಿ ನಂಬರ್ ಬಾಯಿಪಾಠ ಇರ್ಬೇಕಮ್ಮ, ಯಾಕಂದ್ರೆ ಮೊದಲು ಕಿತ್ಕೊಳ್ಳೋದೇ ಫೋನು.’ ಅಷ್ಟೇ. ಬ್ಯಾನರ್ ಇರಲಿಲ್ಲ, ಭಾಷಣ ಇರಲಿಲ್ಲ. ಇಷ್ಟನ್ನು ಹೇಳಲು ತಮ್ಮ ಬಾಯಿಗೆ ಯಾರಾದರೂ ಬೀಗ ಹಾಕಿದ್ದರೇ? ಅಥವಾ ತಮಗೇ ಗೊತ್ತಿರಲಿಲ್ಲವೇ? ಎರಡರಲ್ಲಿ ಯಾವುದಾದರೂ ಆ ಕುರ್ಚಿಗೆ ಅವಮಾನ.

ಈಗ ಕೇಳಿ. ಹನ್ನೆರಡು ದಿನದ ಹಿಂದೆ ಮಷಿನ್ನಿನ ಸೂಜಿ ತಂಗಿಯ ಬಲಗೈ ತೋರುಬೆರಳಿಗೆ ಹೊಕ್ಕು ಮುರಿಯಿತು. ತುದಿ ಒಳಗೇ ಉಳಿದಿದೆ. ಆಸ್ಪತ್ರೆಯಲ್ಲಿ ಗುರುತಿನ ಕಾಗದ ಕೇಳಿ ವಾಪಸ್ಸು ಕಳಿಸಿದರು. ‘ಅಕ್ಕ, ನೀನ್ಯಾರು ಅಂತ ಕೇಳಿದ್ರೆ ತೋರ್ಸೋಕೆ ನನ್ನ ಹತ್ರ ಏನೂ ಇಲ್ಲ’ ಎಂದಳು. ಬೆರಳು ಊದಿ ಕಪ್ಪಾಗುತ್ತಿದೆಯಂತೆ. ಹೊಲಿಗೆಯವಳಿಗೆ ಆ ಬೆರಳು ಎಂದರೆ ಏನೆಂದು, ಸಹಿ ಹಾಕುವುದಕ್ಕೂ ಬೆರಳು ಎತ್ತದ ತಮಗೆ ಹೇಗೆ ತಿಳಿಸಲಿ? ಹೇಳುವಾಗ ಅವಳು ಅಳಲಿಲ್ಲ. ಫೋನಿಟ್ಟ ಮೇಲೆ ಅತ್ತವಳು ನಾನು.

ಅಲ್ಲಿನ ರಾಯಭಾರ ಕಚೇರಿಯವರು, ಪಾಸ್‌ಪೋರ್ಟಿನ ಒಂದು ದೃಢೀಕೃತ ಪ್ರತಿ ಕಳಿಸಿದರೆ ಊರಿಗೆ ಮರಳುವ ತಾತ್ಕಾಲಿಕ ಕಾಗದವನ್ನು ಎರಡೇ ದಿನದಲ್ಲಿ ಕೊಡುತ್ತೇವೆ, ಆಸ್ಪತ್ರೆಗೂ ಹೇಳುತ್ತೇವೆ ಎಂದಿದ್ದಾರೆ. ಮನೆಯಲ್ಲಿ ಪ್ರತಿ ಇಲ್ಲ. ಇಟ್ಟುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ತಮ್ಮ ಕಚೇರಿಗೆ ಓಡಿ ಬಂದೆ. ‘ದೃಢೀಕರಿಸಲು ಮೂಲ ಪಾಸ್‌ಪೋರ್ಟನ್ನು ಹಾಜರುಪಡಿಸಿ’ ಎಂದು ಚೀಟಿ ಹೊರಗೆ ಬಂತು. ಮೂಲ ಪಾಸ್‌ಪೋರ್ಟು ಕೈಯಲ್ಲಿದ್ದರೆ ತಮ್ಮ ಮುಖ ನೋಡಲು ನನಗೇನು ಹುಚ್ಚೇ?

ಆದರೆ ತಮ್ಮ ಕಚೇರಿಯಲ್ಲಿ ಇನ್ನೂ ಮನುಷ್ಯರಾಗಿ ಉಳಿದಿರುವ ಒಬ್ಬರು ಮೆಟ್ಟಿಲ ಮೇಲೆ ನನ್ನನ್ನು ತಡೆದು ಹೇಳಿದರು: ‘ಅಳಬೇಡಿ ತಾಯಿ. ಕ್ಲಾಸಿನ ದಿನ ಎಲ್ಲರದ್ದೂ ಜೆರಾಕ್ಸ್ ತಗೊಂಡಿದ್ವಿ. ಸಾಹೇಬರ ರೂಮಿನ ಬೀರುನಲ್ಲೇ ಇದೆ. ಅವರು ಹೇಳದೆ ನಾವು ಮುಟ್ಟೋ ಹಾಗಿಲ್ಲ.’

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಸಮಿತಿ ಬೇಡ, ವಿಚಾರಣೆ ಬೇಡ, ವಿಷಾದವಂತೂ ಬೇಡವೇ ಬೇಡ. ತಮ್ಮ ಕುರ್ಚಿಯಿಂದ ಆ ಬೀರುವಿಗೆ ಹನ್ನೊಂದು ಹೆಜ್ಜೆ. ಬಾಗಿಲ ಸಂದಿಯಿಂದ ನೋಡಿ ಎಣಿಸಿದ್ದೇನೆ. ಹೋಗಿ, ಹದಿನೈದು ಹಾಳೆ ತೆಗೆದು, ಸಹಿ ಹಾಕಿ. ಸೋಮವಾರ ಬಾಗಿಲು ತೆರೆಯುವಾಗ ಹದಿನೈದೂ ಮನೆಯವರು ಹೊರಗೆ ನಿಂತಿರುತ್ತೇವೆ. ತಂಗಿಯ ಬೆರಳು ಸೋಮವಾರದವರೆಗೆ ಕಾಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಏಳಿ.

ಇಂತಿ,
ತಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದ ತಪ್ಪಿಗೆ ತಲೆ ತಗ್ಗಿಸಿರುವ
ಒಬ್ಬಳು ಟೈಲರ್